ಟಿಟ್ಟಿಭಕ್ಕೆ ಹಾಕಿಸಿದ ಫಲಕ

ನನಗೆ ಎಣಿಸುವ ಚಟವಿದೆ. ಹತ್ತಿದ ಮೆಟ್ಟಿಲು, ಸಭೆಯಲ್ಲಿ ಆಕಳಿಸಿದವರು, ಎಲ್ಲವೂ ದಿನಚರಿಗೆ ಸೇರುತ್ತವೆ. ಇಂಥವಳಿಗೆ ಹೈದರಾಬಾದಿನ ಒಂದು ಕೆರೆ ಸಂರಕ್ಷಣಾ ಕಾರ್ಯಕ್ರಮದಲ್ಲಿ ಪ್ರಚಾರದ ಕೆಲಸ ಸಿಕ್ಕಿದ್ದು ಕಚೇರಿಗೂ ಅನುಕೂಲವೇ ಆಯಿತು. ಎಷ್ಟು ಶಾಲೆ, ಎಷ್ಟು ಕರಪತ್ರ, ಎಷ್ಟು ಜನರಿಗೆ ವಿಷಯ ತಲುಪಿತು ಎಂದು ತಿಂಗಳ ಕೊನೆಗೆ ಕೇಳುತ್ತಾರೆ. ಹಕ್ಕಿಗಳಿಗೆ ಏನು ತಲುಪಿತು ಎಂಬ ಕಾಲಂ ವರದಿಯಲ್ಲಿಲ್ಲ.

ಕಳೆದ ಬೇಸಿಗೆಯ ಒಂದು ಸೋಮವಾರ, ಲಿಂಗಂಪಲ್ಲಿಯ ಆಚೆಗಿನ ಕೆರೆಯಂಚಿನಲ್ಲಿ ಟಿಟ್ಟಿಭ ಹಕ್ಕಿಯ ಗೂಡು ಕಂಡಿತು. ಗೂಡು ಎನ್ನುವುದು ಮರ್ಯಾದೆಯ ಮಾತು. ಬಯಲಲ್ಲಿ ಒಂದು ತಗ್ಗು, ಅದರಲ್ಲಿ ನೆಲದ ಹರಳುಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಯಾರಾದರೂ ತುಳಿದಾರೆಂದು ಹೆದರಿ ಬುಧವಾರವೇ ಫಲಕ ನಿಲ್ಲಿಸಿದೆ: ‘ಇಲ್ಲಿ ಹಕ್ಕಿ ಮೊಟ್ಟೆಯಿಟ್ಟಿದೆ, ದಯವಿಟ್ಟು ತೊಂದರೆ ಕೊಡಬೇಡಿ.’ ತೆಲುಗು, ಉರ್ದು, ಇಂಗ್ಲಿಷ್ ಮೂರರಲ್ಲೂ. ಕನ್ನಡ ಸೇರಿಸುವ ಆಸೆಯಿತ್ತು, ಜಾಗ ಸಾಲಲಿಲ್ಲ.

ಭಾನುವಾರ ಬೆಳಿಗ್ಗೆ ಬೇವಿನ ಮರದಡಿ ಕುಳಿತು ಎಣಿಸಿದೆ. ಅರವತ್ತೊಂದು ಜನ ಫಲಕ ಓದಿದರು. ಓದಿದವರೆಲ್ಲ ಎಲ್ಲಿ, ಎಲ್ಲಿ ಎಂದು ಬಗ್ಗಿ ನೋಡಿದರು, ಫೋಟೊ ತೆಗೆದರು. ಒಬ್ಬರೂ ಮೊಟ್ಟೆ ಮುಟ್ಟಲಿಲ್ಲ. ಎಷ್ಟು ಸಭ್ಯ ಜನ ಎಂದು ಹೆಮ್ಮೆಯಿಂದ ಬರೆದುಕೊಂಡೆ.

ಕೆರೆಯ ಕಾವಲುಗಾರ ಮಲ್ಲಪ್ಪ ಕಾಕಾ ವಿಜಯಪುರದ ಕಡೆಯವರು. ಊರವರೊಡನೆ ತೆಲುಗು, ನನ್ನೊಡನೆ ಕನ್ನಡ. ಪಕ್ಕದಲ್ಲಿ ಕುಳಿತು, ಎಷ್ಟಾಯಿತು ಎಂದು ಕೇಳಿದರು. ಹೇಳಿದೆ.

“ಮಂದೀನ ಎಣಸಾಕತ್ತೀರಿ ಬಾಯಾರ. ಹಕ್ಕಿ ಎಷ್ಟು ಸಲ ಬಂದು ಕುಂತೈತಿ, ಅದನ್ನ ಎಣಿಸೀರೇನು?”

ಎಣಿಸಿರಲಿಲ್ಲ. ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತುತ್ತಲೇ ಇತ್ತು. ವಿಡಿಯೊಗೆ ಬೇಕಾದೀತೆಂದು ಆ ಕೂಗನ್ನು ನಾನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೆ ಕೂಡ.

ಈ ಬಿಸಿಲಿನಲ್ಲಿ ಟಿಟ್ಟಿಭ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಹಾಗೆ ಕೂರದಿದ್ದರೆ ಮೊಟ್ಟೆ ಒಳಗೇ ಬೆಂದುಹೋಗುತ್ತದೆ ಎಂದು ಕಾಕಾ ವಿವರಿಸಿದರು. ಅದನ್ನು ನಾನು ಓದಿದ್ದೆ. ಒಂದು ಕರಪತ್ರದಲ್ಲಿ ಬರೆದೂ ಇದ್ದೆ.

“ನೀವು ಈ ಹಲಗಿ ನಿಲ್ಲಿಸೂದಕ್ಕ ಮೊದಲ ಇಲ್ಲಿ ಯಾರೂ ನಿಲ್ತಿದ್ದಿಲ್ಲರಿ. ತಮ್ಮ ಪಾಡಿಗೆ ನಡಕೊಂತ ಹೋಗಿಬಿಡ್ತಿದ್ರು.”

ಬೈದಿದ್ದರೆ ಹಗುರವಾಗುತ್ತಿತ್ತು. ಇಬ್ಬರೂ ಸೇರಿ ಫಲಕ ಕಿತ್ತೆವು, ದೂರ ಹೋಗಿ ಕುಳಿತೆವು. ಬಹಳ ಹೊತ್ತಿನ ಮೇಲೆ ಹಕ್ಕಿ ಇಳಿದು, ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿ, ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲಿಟ್ಟಿತು.

ಮುಂದಿನ ದಿನಗಳಲ್ಲಿ ಕಚೇರಿಗೆ ಮೊದಲು ಅಲ್ಲಿಗೆ ಹೋಗಿ ಅದು ಬಂದು ಕೂರುವುದನ್ನಷ್ಟೇ ಎಣಿಸಿದೆ. ಕೊನೆಗೆ ಎರಡು ಮರಿ ಹೊರಬಂದವು. ಎರಡು ಮೊಟ್ಟೆ ಹಾಗೇ ಉಳಿದವು. ಕಾರಣ ಆ ಭಾನುವಾರವೇ ಎಂದು ಯಾರೂ ಸಾಬೀತು ಮಾಡಲಾರರು. ನಾನು ಮಾತ್ರ ಅವೆರಡನ್ನೂ ನನ್ನ ಹೆಸರಿಗೇ ಬರೆದುಕೊಂಡಿದ್ದೇನೆ.

ಮರಿಗಳು ಓಡಾಡತೊಡಗಿದ ವಾರ, ಯಾರದೋ ಫೋಟೊ ನೋಡಿ ದಿಲ್‌ಸುಖ್‌ನಗರದಿಂದ ಗಂಡಹೆಂಡತಿ ಬಂದರು. ಪಾಪ, ಊರಿನ ಆ ತುದಿಯಿಂದ ಈ ತುದಿಗೆ. ಹಕ್ಕಿ ಎಲ್ಲಿ ಎಂದು ನನ್ನನ್ನೇ ಕೇಳಿದರು. ತಾಯಿ ಒಮ್ಮೆ ಕೂಗಿತು. ಹತ್ತು ಮಾರು ದೂರದಲ್ಲಿ ಮರಿಗಳೆರಡೂ ನೆಲಕ್ಕೆ ಒತ್ತಿಕೊಂಡು ಕಲ್ಲಾದವು.

ಏನೂ ಇಲ್ಲ ಎಂದೆ. ಮರಿಗಳೂ ಅದನ್ನೇ ಹೇಳುತ್ತಿದ್ದವು, ನನಗಿಂತ ಚೆನ್ನಾಗಿ.