ತೊಟ್ಟು ಬಿಡಿಸುವ ಯಂತ್ರ

ಬ್ಯಾಡಗಿಯಲ್ಲಿ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ. ಮೊದಲು ಅದರಲ್ಲಿ ಎಮ್ಮೆ ಕಟ್ಟುತ್ತಿದ್ದೆವು. ಎಮ್ಮೆ ಮಾರಿದ ಮೇಲೆ ಒಂದು ವೆಲ್ಡಿಂಗ್ ಸೆಟ್ಟು, ಗೋಡೆಯ ತುಂಬ ಬೋಲ್ಟು ಬಿಗಿಯುವ ಪಾನಾಗಳು, ಮೂಲೆಯಲ್ಲಿ ಕೆಟ್ಟ ಫ್ಯಾನು, ಮಿಕ್ಸರ್, ಪಂಪುಗಳ ರಾಶಿ ಬಂದು ಕೂತವು. ನಾನು ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮಷಿನ್ ನೋಡಿಕೊಳ್ಳುವವನು. ಪಾಳಿ ಮುಗಿಸಿ ಬಂದು ಚಹಾ ಕುಡಿದು ಶೆಡ್ಡಿಗೆ ಹೋದರೆ ಊಟಕ್ಕೆ ಕರೆಯುವವರೆಗೆ ಹೊರಗೆ ಬರುತ್ತಿರಲಿಲ್ಲ. ಜನ ಎಸೆದದ್ದನ್ನು ಬಿಚ್ಚಿ ಮತ್ತೆ ಓಡುವಂತೆ ಮಾಡುವುದು ನನಗೆ ಚಿಕ್ಕಂದಿನಿಂದ ಹತ್ತಿದ ಚಟ.

ಆ ಚಟಕ್ಕೆ ಪೆಟ್ಟು ತಿಂದಿದ್ದೇನೆ. ಅಪ್ಪನ ರೇಡಿಯೊ ಬಿಚ್ಚಿ ಅಂಗಳದಲ್ಲಿ ಹರಡಿಕೊಂಡು ಕೂತಿದ್ದಾಗ ಅಪ್ಪ ಬಾರಕೋಲು ಹಿಡಿದು ಬಂದ. ಆಗಷ್ಟೇ ಮದುವೆಯಾಗಿ ಬಂದಿದ್ದ ವೈನಿ, ಅಂದರೆ ನಮ್ಮ ಅಣ್ಣನ ಹೆಂಡತಿ, ಓಡಿಬಂದು ನನ್ನನ್ನು ತಬ್ಬಿಕೊಂಡಳು. ಏಟು ಅವಳ ಬೆನ್ನಿಗೆ ಬಿತ್ತು. ಹೊಸ ಸೊಸೆಗೆ ಹೊಡೆದೆನಲ್ಲ ಎಂಬ ನಾಚಿಕೆಗೆ ಅಪ್ಪನ ಸಿಟ್ಟು ಇನ್ನೂ ಏರಿ, ರೇಡಿಯೊವನ್ನು ಒಗೆಯುವ ಕಲ್ಲಿಗೆ ಬಡಿದು ಪುಡಿ ಮಾಡಿದ. ನನಗೆ ತಾಯಿ ಇರಲಿಲ್ಲ. ಅಂದಿನಿಂದ ನನಗೆ ರೊಟ್ಟಿ ಬಡಿದು ಹಾಕಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ತಪ್ಪು ಮಾಡಿದಾಗ ಕಿವಿ ಹಿಂಡಿದವಳು ಅವಳೇ. ವಯಸ್ಸಾದ ಮೇಲೂ ನನ್ನನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದಳು.

ಅಣ್ಣ ತೀರಿಕೊಂಡ ಮೇಲೆ ವೈನಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ನಿಂತಳು. ನಮ್ಮ ಊರಿನಲ್ಲಿ ಅದು ಹೆಂಗಸರ ಕೆಲಸ. ಸಾಹುಕಾರರ ಅಂಗಳದಲ್ಲಿ ಕೆಂಪು ರಾಶಿಯ ಸುತ್ತ ಕೂತು, ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿದು ಹಾಕಬೇಕು. ತೂಕದ ಮೇಲೆ ಕೂಲಿ. ಮಾತಿನಲ್ಲಿ ಗಟ್ಟಿಯಾಗಿದ್ದ ವೈನಿ ಕೆಲವೇ ವರ್ಷಗಳಲ್ಲಿ ಒಂದು ಗುಂಪು ಕಟ್ಟಿಕೊಂಡು ಅದರ ಮುಂದಾಳಾದಳು. ನನ್ನ ಹೆಂಡತಿಯೂ ಅದೇ ಗುಂಪಿನಲ್ಲಿದ್ದಳು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ತಿನ್ನುವವರಿಗೆ ಅದು ಸರಿ. ದಿನವೆಲ್ಲ ಅದರಲ್ಲೇ ಕೈ ಆಡಿಸುವವರನ್ನು ಕೇಳಬೇಕು. ಹೆಂಡತಿ ಸಂಜೆ ಬಂದವಳೇ ತಣ್ಣನೆಯ ಮಜ್ಜಿಗೆಯಲ್ಲಿ ಕೈ ಅದ್ದಿ ಕೂರುತ್ತಿದ್ದಳು. ಬೆರಳ ತುದಿಗಳು ಸುಲಿದು ಹಸಿ ಮಾಂಸ ಕಾಣುತ್ತಿತ್ತು. ಒಂದು ದಿನ ಮರೆತು ಕಣ್ಣುಜ್ಜಿಕೊಂಡಳು. ನೆಲದ ಮೇಲೆ ಬಿದ್ದು ಹೊರಳಾಡಿದಳು. ನಾನು ಕೊಡಗಟ್ಟಲೆ ನೀರು ಸುರಿದೆ. ಮರುದಿನ ಆ ಕಣ್ಣು ಟೊಮೆಟೊ ಹಣ್ಣಿನ ಹಾಗೆ ಊದಿತ್ತು. ಆದರೂ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೆಲಸಕ್ಕೆ ಹೋದಳು.

ಅವಳು ಆ ಕಡೆ ಹೋದದ್ದನ್ನು ನೋಡಿಯೇ ನಾನು ಮಷಿನ್ ಮಾಡಲು ಕೂತೆ.

ರಾಣೇಬೆನ್ನೂರಿನ ಗುಜರಿ ಅಂಗಡಿಯಲ್ಲಿ ಹಳೆಯ ವಾಷಿಂಗ್ ಮಷಿನ್ನಿನ ಡ್ರಮ್ಮು ಸಿಕ್ಕಿತು. ಮೈತುಂಬ ತೂತು ಇರುವ ಡ್ರಮ್ಮು. ಆ ತೂತುಗಳನ್ನು ದೊಡ್ಡದು ಮಾಡಿ ಒಳಗೆ ಕಾಯಿ ಹಾಕಿ ತಿರುಗಿಸಿದರೆ ತೊಟ್ಟು ಹೊರಗೆ ಇಣುಕುತ್ತದೆ, ಹೊರಗೆ ಒಂದು ಬ್ಲೇಡು ಕೂರಿಸಿದರೆ ಅದು ತೊಟ್ಟನ್ನು ಕತ್ತರಿಸುತ್ತದೆ ಎಂಬುದು ನನ್ನ ಲೆಕ್ಕ. ಮುರಿದ ಮಂಚದ ಕಬ್ಬಿಣದಿಂದ ಚೌಕಟ್ಟು ಮಾಡಿದೆ. ಕೆಟ್ಟ ಗ್ರೈಂಡರಿನ ಮೋಟರಿಗೆ ಹೊಸ ತಂತಿ ಸುತ್ತಿದೆ. ಹಿಟ್ಟಿನ ಗಿರಣಿಯವನು ಬಿಸಾಡಿದ ಬೆಲ್ಟನ್ನು ಕತ್ತರಿಸಿ ಜೋಡಿಸಿದೆ. ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡನ್ನು ಸಾಣೆ ಹಿಡಿದು ಕೂರಿಸಿದೆ.

ಮೊದಲ ಸಲ ಓಡಿಸಿದಾಗ ಡ್ರಮ್ಮು ನಾಲ್ಕು ಸುತ್ತು ತಿರುಗಿ ಓರೆಯಾಯಿತು. ಬ್ಲೇಡು ಅದಕ್ಕೆ ತಾಗಿ ಚಟ್ಟನೆ ಮುರಿಯಿತು. ಅರ್ಧ ತುಂಡು ನನ್ನ ಮುಂಗೈ ಸೀಳಿಕೊಂಡು ಹೋಗಿ ಬಾಗಿಲಿನ ಹಲಗೆಯಲ್ಲಿ ನಾಟಿತು. ಚಹಾ ಕೊಟ್ಟು ಹೆಂಡತಿ ಆಗಷ್ಟೇ ಆ ಬಾಗಿಲು ದಾಟಿದ್ದಳು. ತಿರುಗಿ ನೋಡಿದಳು. ತುಂಡು ಇನ್ನೂ ನಡುಗುತ್ತಿತ್ತು.

“ಇದು ಮನಿ ಮಂದೀನ್ನ ಕೊಂದ ಮ್ಯಾಲೇ ನಿಲ್ಲೂದು,” ಎಂದಳು. ನನ್ನ ಕೈಯಿಂದ ರಕ್ತ ಸೋರುತ್ತಿತ್ತು. ಅರಿಶಿಣ ತರಲು ಒಳಗೆ ಹೋದಳು.

ನಾನು ಬಿಡಲಿಲ್ಲ. ಡ್ರಮ್ಮಿಗೆ ಎರಡೂ ಕಡೆ ಬೇರಿಂಗ್ ಕೂರಿಸಿದೆ, ವೇಗ ತಗ್ಗಿಸಿದೆ. ಹೋಳಿ ಮುಗಿದ ಮೇಲೆ ಒಂದು ಸಂಜೆ ಒಂದು ಬುಟ್ಟಿ ಕಾಯಿ ಹಾಕಿ ಓಡಿಸಿದೆ. ತೊಟ್ಟುಗಳು ಕೆಳಗಿನ ತಗಡಿನ ಮೇಲೆ ಮಳೆ ಹನಿಯ ಹಾಗೆ ಉದುರಿದವು. ಕೆಲವು ಕಾಯಿಯ ತುದಿಯೂ ಕತ್ತರಿಸಿಹೋಗಿತ್ತು, ಕೆಲವಕ್ಕೆ ತೊಟ್ಟು ಉಳಿದಿತ್ತು. ಆದರೆ ಒಬ್ಬ ಹೆಂಗಸು ಮಧ್ಯಾಹ್ನದವರೆಗೆ ಕೂತು ಮಾಡುವ ಕೆಲಸ ನನ್ನ ಒಂದು ಬೀಡಿ ಮುಗಿಯುವುದರೊಳಗೆ ಆಗಿತ್ತು. ನಾನು ಶೆಡ್ಡಿನಲ್ಲಿ ಒಬ್ಬನೇ ಕೇಕೆ ಹಾಕಿದೆ.

ಕೋಲ್ಡ್ ಸ್ಟೋರೇಜಿನಲ್ಲಿ ಹೇಳಿಕೊಂಡೆ. ಅಲ್ಲಿಂದ ಮಾತು ಸಾಹುಕಾರರಿಗೆ ಹೋಯಿತು. ವೈನಿಯ ಗುಂಪು ಕೆಲಸ ಮಾಡುತ್ತಿದ್ದ ಅಂಗಳದ ಸಾಹುಕಾರರೇ ಅವರು. ರವಿವಾರ ಬಂದು ನೋಡುತ್ತೇನೆ ಎಂದರು. ಅಷ್ಟರಲ್ಲೇ ಅಂಗಳದಲ್ಲಿ ಹೆಂಗಸರ ಮುಂದೆ ನಕ್ಕು, “ನಿಮ್ಮ ಮೈದುನನ ಮಷಿನ್ ಬಂದ್ರ ನೀವೆಲ್ಲಾ ಮನ್ಯಾಗ ಆರಾಮ ಕುಂದ್ರಬಹುದು,” ಎಂದು ವೈನಿಗೆ ಹೇಳಿದರಂತೆ.

ಅಂದು ಸಂಜೆಯೇ ವೈನಿ ಬಂದಳು. ಶೆಡ್ಡಿನ ಬಾಗಿಲಲ್ಲಿ ನಿಂತು ಮಷಿನ್ನನ್ನು ಬಹಳ ಹೊತ್ತು ನೋಡಿದಳು.

“ತಮ್ಮಾ, ಇದನ್ನ ಬಿಚ್ಚಿ ಇಡು,” ಎಂದಳು.

“ನಿಮ್ಮ ಕೈ ಉಳೀಲಿ ಅಂತ ಮಾಡೇನಿ ವೈನಿ. ನಿನ್ನ ಬೆರಳು ನೋಡಿಕೋ, ಸುಟ್ಟ ಬದನಿಕಾಯಿ ಆದಂಗ ಆಗ್ಯಾವು.”

“ಕೈ ಉಳೀತಾವು. ಹೊಟ್ಟಿ? ನನ್ನ ಗುಂಪಿನ್ಯಾಗ ಗಂಡ ಸತ್ತಾಕಿ ಅದಾಳ, ಗಂಡ ಬಿಟ್ಟಾಕಿ ಅದಾಳ. ಹೊಲಾ ಇಲ್ಲ, ಮನಿ ಇಲ್ಲ. ಅವರಿಗೆ ಏನಂತ ಹೇಳ್ಲಿ?”

“ನಾ ಕೊಡದಿದ್ರ ಇನ್ನೊಬ್ಬಾಂವ ತರ್ತಾನ.”

“ಇನ್ನೊಬ್ಬಾಂವ ತರ್ಲಿ. ನಮ್ಮ ಮನ್ಯಾಗಿಂದ ಬ್ಯಾಡ.”

ನಾನು ಬೋಲ್ಟು ಬಿಗಿಯುತ್ತ ಕೂತೆ. ಅವಳು ಹೊಸ್ತಿಲಿಗೆ ಉಗುಳಿ ಹೋದಳು. ಅವಳು ಹಾಗೆ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ರವಿವಾರ ಮುಂಜಾನೆ ಸಾಹುಕಾರರು ಬಂದರು. ಒಂದು ಚೀಲ ಕಾಯಿಯನ್ನೂ ತಂದಿದ್ದರು. ನಾನು ಡ್ರಮ್ಮು ತುಂಬಿ ಸ್ವಿಚ್ಚು ಹಾಕಿದೆ. ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಗ್ಗಿ ನೋಡುತ್ತಿದ್ದರು. ಮಷಿನ್ನಿನ ಸದ್ದಿಗೆ ಹೊರಗಿನದು ಏನೂ ಕೇಳುತ್ತಿರಲಿಲ್ಲ. ತಗಡಿನ ಮೇಲೆ ಮೊದಲ ಕಲ್ಲು ಬಿದ್ದಾಗ ಬೇರಿಂಗ್ ಒಡೆಯಿತೆಂದೇ ತಿಳಿದೆ. ಆಮೇಲೆ ಒಂದರ ಹಿಂದೆ ಒಂದು ಬೀಳತೊಡಗಿದವು. ವೈನಿಯ ಗುಂಪಿನ ಹೆಂಗಸರು ಶೆಡ್ಡಿನ ಮುಂದೆ ಬಂದು ಸೇರಿದ್ದರು.

ಹೆಂಡತಿ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು. “ನಿಂದ್ರಿ, ಮಾತಾಡೂನು, ನಿಂದ್ರಿ,” ಎನ್ನುತ್ತಿದ್ದಳು. ಎಲ್ಲರೂ ಅವಳ ಜೊತೆ ಕೂತು ದುಡಿದವರೇ. ಯಾರೋ ಅವಳನ್ನು ತಳ್ಳಿದರು. ಅವಳ ತಲೆ ಹೋಗಿ ವೆಲ್ಡಿಂಗ್ ಸೆಟ್ಟಿನ ಮೂಲೆಗೆ ಬಡಿಯಿತು. ಹಣೆ ಒಡೆದು ರಕ್ತ ಒಂದು ಕಣ್ಣನ್ನು ಮುಚ್ಚಿತು.

ಅದನ್ನು ಕಂಡು ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಗೋಡೆಯಿಂದ ದೊಡ್ಡ ಪಾನಾ ಕಿತ್ತುಕೊಂಡು ಬೀಸಿದೆ. ಅದು ಒಬ್ಬಳ ತೋಳಿಗೆ ಬಿತ್ತು. ಎಲುಬಿನ ಸದ್ದು ನನಗೆ ಕೇಳಿಸಿತು. ಅವಳು ಕೂಗುವುದರೊಳಗೆ ಇನ್ನಿಬ್ಬರು ನನ್ನ ಕೂದಲು ಹಿಡಿದು ಜಗ್ಗಿದರು. ಒಬ್ಬಳು ಹೆಗಲು ಕಚ್ಚಿದಳು. ಸಾಹುಕಾರರು ಹಿಂದಿನ ಕಿಟಕಿಯಿಂದ ಹಾರಿ ಹೋಗಿದ್ದರು. ಅವರ ಒಂದು ಚಪ್ಪಲಿ ಕಿಟಕಿಯಲ್ಲೇ ಉಳಿದಿತ್ತು.

ಅಷ್ಟರಲ್ಲಿ ವೈನಿ ಒಳಗೆ ಬಂದಳು. ಕೈಯಲ್ಲಿ ಗುಂಡಿ ತೋಡುವ ಹಾರೆ. ಸೆರಗು ಸೊಂಟಕ್ಕೆ ಬಿಗಿದಿದ್ದಳು. ನನ್ನ ಕಡೆ ನೋಡಲಿಲ್ಲ. ನೇರ ಹೋಗಿ, ತಿರುಗುತ್ತಿದ್ದ ಡ್ರಮ್ಮಿಗೆ ಎರಡೂ ಕೈಯಿಂದ ಬೀಸಿ ಹೊಡೆದಳು.

ನಾನು “ವೈನಿ, ಬ್ಯಾಡಾ” ಎಂದು ಕೂಗಿದ್ದು ನೆನಪಿದೆ. ಹಾರೆಯ ತುದಿ ತೂತಿಗೆ ಸಿಕ್ಕಿತು. ಡ್ರಮ್ಮು ಅದನ್ನು ಅವಳ ಕೈಯಿಂದ ಕಿತ್ತು ತಗಡಿನ ಗೋಡೆಗೆ ಎಸೆಯಿತು. ಗೋಡೆ ಹರಿಯಿತು. ಮರುಕ್ಷಣ ಡ್ರಮ್ಮು ಬಾಯಿ ಬಿಟ್ಟಿತು. ಒಳಗಿದ್ದ ಕಾಯಿ, ಬೀಜ, ಪುಡಿ ಎಲ್ಲ ಒಮ್ಮೆಲೇ ಸಿಡಿದು ಶೆಡ್ಡು ಕೆಂಪಾಯಿತು.

ಆಮೇಲೆ ಯಾರಿಗೂ ಏನೂ ಕಾಣಲಿಲ್ಲ. ಕಣ್ಣಿಗೆ ಕೆಂಡ ಇಟ್ಟ ಹಾಗೆ. ಉಸಿರು ಎಳೆದರೆ ಗಂಟಲು ಸುಡುತ್ತಿತ್ತು. ಹೊರಗೆ ಹೋಗಲು ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು, ಯಾರೆಂದು ನೋಡದೆ ಗುದ್ದುತ್ತಿದ್ದರು, ತುಳಿಯುತ್ತಿದ್ದರು. ಮಷಿನ್ ಮಾತ್ರ ಓಡುತ್ತಲೇ ಇತ್ತು. ಆ ಗದ್ದಲದಲ್ಲಿ ವೈನಿ ಒಮ್ಮೆ “ತಮ್ಮಾ” ಎಂದಳು. ಎರಡನೆಯ ಸಲ ಅರ್ಧಕ್ಕೇ ನಿಂತಿತು.

ಕಣ್ಣು ಸೀಳಿಕೊಂಡು ನೋಡಿದೆ. ಅವಳ ಸೆರಗು ಬಿಚ್ಚಿಕೊಂಡು ಬೆಲ್ಟಿಗೆ ಸುತ್ತಿಕೊಂಡಿತ್ತು. ಕುತ್ತಿಗೆಯ ಸುತ್ತ ಸೀರೆ ಹಗ್ಗವಾಗಿ, ಅವಳ ಮುಖವನ್ನು ಬೆಲ್ಟು ಸುತ್ತುವ ಚಕ್ರದ ಕಡೆಗೆ ಎಳೆಯುತ್ತಿತ್ತು. ಎರಡೂ ಕೈಯಿಂದ ಚೌಕಟ್ಟನ್ನು ಒತ್ತಿ ಹಿಡಿದಿದ್ದಳು. ನಾಲಿಗೆ ಹೊರಗೆ ಬಂದಿತ್ತು. ಸ್ವಿಚ್ಚು ಬಾಗಿಲ ಪಕ್ಕ, ಜನರ ಆ ಕಡೆ. ಕೈಗೆ ಸಿಕ್ಕ ಉಳಿಯನ್ನು ಬೆಲ್ಟಿನ ಮೇಲೆ ಒತ್ತಿದೆ. ಉಳಿ ಜಾರಿತು. ನನ್ನ ಎಡಗೈಯನ್ನು ಬೆಲ್ಟು ಚಕ್ರದೊಳಗೆ ಎಳೆದುಕೊಂಡಿತು. ನೋವು ಆಗ ಗೊತ್ತಾಗಲಿಲ್ಲ. ಕಬ್ಬು ಗಾಣಕ್ಕೆ ಹೋದ ಸದ್ದು ಬಂತು, ಅಷ್ಟೇ. ಬೆರಳು ಸಿಕ್ಕಿ ಚಕ್ರ ತಡವರಿಸಿದ್ದರಿಂದ ಬಲಗೈಯಲ್ಲಿದ್ದ ಉಳಿ ಕಚ್ಚಿತು. ಬೆಲ್ಟು ಹರಿದು ನನ್ನ ಕೆನ್ನೆಗೆ ಚಾಟಿಯ ಹಾಗೆ ಬಡಿಯಿತು. ವೈನಿ ಹಿಂದಕ್ಕೆ ಬಿದ್ದಳು.

ಮೋಟರು ಸುಮ್ಮನೆ ಗುಂಯ್ ಎನ್ನುತ್ತಿತ್ತು. ಹೆಂಡತಿ ಗೋಡೆ ತಡವಿಕೊಂಡು ಹೋಗಿ ಸ್ವಿಚ್ಚು ಆರಿಸಿದಳು.

ಒಡೆಯಲು ಬಂದವರೇ ನಮ್ಮನ್ನು ಹೊರಗೆ ಎಳೆದು ನೀರು ಸುರಿದರು. ಒಬ್ಬಳು ತನ್ನ ಸೀರೆ ಹರಿದು ನನ್ನ ಕೈ ಕಟ್ಟಿದಳು. ತೋಳು ಮುರಿಸಿಕೊಂಡವಳು, ನಾನು, ವೈನಿ, ಹೆಂಡತಿ, ನಾಲ್ವರನ್ನೂ ಮೆಣಸಿನಕಾಯಿ ಒಯ್ಯುವ ಒಂದು ಗೂಡ್ಸ್ ಆಟೊದಲ್ಲಿ ಮಲಗಿಸಿ ಹಾವೇರಿ ಆಸ್ಪತ್ರೆಗೆ ಹೊರಟರು. ಆಟೊದಲ್ಲೂ ಮೆಣಸಿನ ಘಾಟು. ದಾರಿಯುದ್ದಕ್ಕೂ ಎಲ್ಲರೂ ಕೆಮ್ಮಿದೆವು. ವೈನಿಗೆ ಕೆಮ್ಮಲೂ ಆಗುತ್ತಿರಲಿಲ್ಲ. ಅವಳ ಕುತ್ತಿಗೆಯ ಸುತ್ತ ನೀಲಿ ಬಳೆ ತೊಡಿಸಿದಂತೆ ಗುರುತು ಎದ್ದಿತ್ತು.

ನನ್ನ ಎಡಗೈಯ ಕಿರುಬೆರಳು, ಉಂಗುರದ ಬೆರಳು ಹೋದವು. ಪೊಲೀಸರು ಬಂದು ಕೇಳಿದರು. “ಮಷಿನ್ ಒಡದು ಹಿಂಗಾತ್ರಿ” ಎಂದೆ. ತೋಳು ಮುರಿದವಳೂ ಅದನ್ನೇ ಹೇಳಿದಳು. ವೈನಿ ಮಾತಾಡಲಾರದೆ ಹೌದೆಂದು ತಲೆ ಆಡಿಸಲು ಹೋಗಿ ನೋವಿಗೆ ಕಣ್ಣು ಮುಚ್ಚಿದಳು.

ಹೆಂಡತಿಯ ಹಣೆಗೆ ಹೊಲಿಗೆ ಹಾಕಿದ್ದರು. ನನ್ನ ಹಾಸಿಗೆಯ ಪಕ್ಕ ಕೂತಿದ್ದಳು. ನಾನು, “ನಿನ್ನ ಕೈ ಸಲುವಾಗಿ ಮಾಡಾಕ ಹೋಗಿ...” ಎಂದು ಶುರು ಮಾಡಿದೆ.

“ನನ್ನ ಕೈ ಹೆಸರು ತಗೀಬ್ಯಾಡ್ರಿ,” ಎಂದಳು. ದನಿ ಏರಿಸಲಿಲ್ಲ. “ಮಷಿನ್ ಮಾಡಿಕೊಡ್ರಿ ಅಂತ ನಾ ಯಾವಾಗರ ಕೇಳೇನೇನು? ನೀವರ ನನ್ನ ಒಂದು ಮಾತು ಕೇಳೀರೇನು?”

ಅವಳು ಎದ್ದು ವೈನಿಗೆ ಗಂಜಿ ಕುಡಿಸಲು ಹೋದಳು.

ಸಾಹುಕಾರರು ಮತ್ತೆ ನಮ್ಮ ಮನೆಯ ಕಡೆ ಬರಲಿಲ್ಲ. ಎರಡು ಸುಗ್ಗಿ ಕಳೆದ ಮೇಲೆ ಹೊರಗಿನಿಂದ ದೊಡ್ಡ ಮಷಿನ್ ತರಿಸಿದರು. ಗುಂಪಿನ ಅರ್ಧ ಹೆಂಗಸರ ಕೆಲಸ ಹೋಯಿತು. ಆ ಮಷಿನ್ನಿನ ಮೇಲೆ ಯಾರೂ ಕಲ್ಲು ಎಸೆಯಲಿಲ್ಲ. “ಎಷ್ಟಂತ ಒಡಿಯೂದು,” ಎಂದಳು ವೈನಿ. ಆಗ ಅವಳ ದನಿ ಒಡಕಾಗಿ, ಕೊಳವೆಯೊಳಗಿಂದ ಬಂದಂತಿತ್ತು. ಕೆಲಸ ಹೋದ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ಕಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಹಾಕತೊಡಗಿದಳು. ನನ್ನ ಹೆಂಡತಿಯೂ ಅಲ್ಲಿಗೇ ಹೋದಳು.

ಹೋದ ವರ್ಷ ವೈನಿ ಶೆಡ್ಡಿಗೆ ಬಂದು, “ತಮ್ಮಾ, ದೊಡ್ಡ ಹಂಚು ಕುಂದ್ರೂವಂಥಾ ಒಲಿ ಬೇಕಾಗೇತಿ,” ಎಂದಳು. ಎಷ್ಟು ಅಗಲ, ಎಷ್ಟು ಎತ್ತರ, ಗಾಳಿ ಎಲ್ಲಿಂದ ಬರಬೇಕು ಎಂದು ನಾನು ಕೇಳಿದೆ. ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ನಾನು ಗೆರೆಯನ್ನು ಒಂದಿಷ್ಟು ಒಳಗೆ ತೆಗೆದುಕೊಂಡರೆ ಕಟ್ಟಿಗೆ ಉಳಿಯುತ್ತದೆ ಎಂದೆ. “ನಾ ಹೇಳಿದಷ್ಟ ಮಾಡು,” ಎಂದಳು. ಹಾಗೆಯೇ ಮಾಡಿದೆ.

ಅವಳ ಕುತ್ತಿಗೆ ಈಗ ಎಡಕ್ಕೆ ತಿರುಗುವುದಿಲ್ಲ. ನನ್ನ ಕಡೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾಳೆ. ಒಲೆಯ ಕೆಲಸ ನಡೆದಷ್ಟು ದಿನವೂ ಬಂದು ಕೂರುತ್ತಿದ್ದಳು. ತಗಡು ಕೊಯ್ಯುವ ಮೊದಲು ನಾನು, “ವೈನಿ, ಮಷಿನ್ ಹಚ್ಚಾಕತ್ತೇನಿ,” ಎನ್ನುತ್ತಿದ್ದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಅಂಗಳದಾಚೆಯ ಬೇವಿನ ಮರದವರೆಗೂ ಹೋಗಿ, ಬೆನ್ನು ಮಾಡಿ ನಿಲ್ಲುತ್ತಿದ್ದಳು. ಸದ್ದು ಪೂರ್ತಿ ನಿಂತ ಮೇಲೆ ಒಳಗೆ ಬಂದು, ಕೊಯ್ದ ಅಂಚನ್ನು ಬೆರಳಿನಿಂದ ಸವರಿ, “ಇಲ್ಲಿ ಇನ್ನೂ ಹರಿತ ಐತಿ, ಉಜ್ಜು,” ಎನ್ನುತ್ತಿದ್ದಳು.