ತಿರುವಿನಲ್ಲಿ ಕಿರುಗುಟ್ಟಿದ ಕಾರು

ಗ್ರೀಸಿಗೂ ಪರದಾಡಬೇಕಿದ್ದ ಯುದ್ಧದ ಕಾಲದಲ್ಲಿ ನಾನು ಕಾಫಿ ಎಸ್ಟೇಟೊಂದರ ಕಾರಿನ ಡ್ರೈವರ್ ಆಗಿದ್ದೆ. ಒಂದು ಮಳೆಗಾಲದಲ್ಲಿ ಕಾರು ತಿರುವಿನಲ್ಲಿ ಕಿರುಗುಟ್ಟತೊಡಗಿತು. ತಿರುವಿನಲ್ಲಿ ಮಾತ್ರ ಎಂಬುದನ್ನು ಒತ್ತಿ ಹೇಳುತ್ತೇನೆ. ನೇರ ರಸ್ತೆಯಲ್ಲಿ ಸದ್ದಿರಲಿಲ್ಲ. ಆದರೆ ನಮ್ಮ ಬೆಟ್ಟಗಾಡಿನ ಕಡೆ ನೇರ ರಸ್ತೆ ಎಲ್ಲಿದೆ?

ಯಜಮಾನರಿಗೆ ಕಾರಿನ ವಿಷಯ ಏನೂ ಗೊತ್ತಿರಲಿಲ್ಲ. ಆದ್ದರಿಂದ ತೀರ್ಪು ಬೇಗ ಕೊಟ್ಟರು.

"ನೀನು ಗ್ರೀಸ್ ಹಾಕೋದಿಲ್ಲ, ಸೋಮಾರಿ. ಮೆಕ್ಯಾನಿಕ್ಕೂ ಹಾಗೇ ಅಂದ್ರೆ ನಾಳೆಯಿಂದ ಬರಬೇಡ."

ಬಣಕಲ್‌ನ ಮೆಕ್ಯಾನಿಕ್ ಸಾಹೇಬರು ಕಾರಿನಡಿ ಮಲಗಿ, ಸ್ಟಿಯರಿಂಗ್ ಅತ್ತಿತ್ತ ತಿರುಗಿಸಲು ನನಗೆ ಹೇಳಿದರು. ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಹೊರಳುವ ಕಬ್ಬಿಣದ ಗೂಟ, ಪೂರ್ತಿ ಒಣಗಿತ್ತು.

"ಇದು ಗ್ರೀಸ್ ಕಂಡು ತಿಂಗಳುಗಳೇ ಆಯ್ತಲ್ಲ ಮಾರಾಯ," ಎಂದರು.

ಪಕ್ಕದಲ್ಲೇ ನಿಂತಿದ್ದ ಯಜಮಾನರು ನನ್ನನ್ನು ನೋಡಿದರು.

"ಡಬ್ಬದಲ್ಲಿ ಗ್ರೀಸ್ ಉಳಿಯೋದೇ ಇಲ್ಲ," ಎಂದೆ. ಯಾಕೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಸಾಹೇಬರು ಮಲಗಿದಲ್ಲೇ ತಲೆ ಹೊರಳಿಸಿದರು. ಅವರ ಮೂಗಿನ ಹತ್ತಿರವೇ ಯಜಮಾನರ ಬೂಟುಗಳು ಎಣ್ಣೆಜಿಡ್ಡಿನಿಂದ ಹೊಳೆಯುತ್ತಿದ್ದವು. ಸಾಹೇಬರು ಒಮ್ಮೆ ಮೂಸಿದರು; ಗ್ರೀಸಿನದೇ ವಾಸನೆ.

"ಬೂಟಿಗೆ ಹೀಗೆ ಬಳಿದ್ರೆ ತೋಟದಲ್ಲಿ ಜಿಗಣೆ ಹತ್ತೋದಿಲ್ವಾ ಸ್ವಾಮಿ?"

"ಒಂದೂ ಹತ್ತೋದಿಲ್ಲ," ಎಂದರು ಯಜಮಾನರು ಹೆಮ್ಮೆಯಿಂದ. ತಾವು ಏನು ಒಪ್ಪಿಕೊಂಡೆವೆಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಸಾಹೇಬರು ತಮ್ಮ ಬಳಿಯಿದ್ದ ಗ್ರೀಸ್ ತುಂಬಿದರು. ಸದ್ದು ನಿಂತಿತು, ನನ್ನ ಕೆಲಸವೂ ಉಳಿಯಿತು. ಹೊಸ ಡಬ್ಬ ಬಂದ ದಿನವೇ ಯಜಮಾನರು, ಡ್ರೈವರುಗಳನ್ನು ನಂಬಬಾರದೆಂದು, ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಆ ಪೆಟ್ಟಿಗೆಯನ್ನು ತಮ್ಮ ಬೂಟುಗಳ ಪಕ್ಕದಲ್ಲೇ ಇಟ್ಟುಕೊಂಡರು.