ನನ್ನ ಸಿಟ್ಟು, ಮನಿ ಕೀಲಿಕೈ

ನನಗ ಸಣ್ಣಾಕಿ ಇದ್ದಾಗಿಂದ ಮೂರ್ಛಿ ಬರತಿತ್ತು. ಅದನ್ನೇನು ಮುಚ್ಚಿ ಇಡೂದೈತಿ? ನಮ್ಮೂರು ದರಿಬಡಚಿಯೊಳಗ ಯಾರನ್ನ ಕೇಳಿದ್ರೂ ಹೇಳತಿದ್ರು. ನಾ ನೆಲಕ್ಕ ಬಿದ್ದು ಕೈಕಾಲು ಬಡಕೊಳ್ಳಾಕ ಹತ್ತಿದ್ನಂದ್ರ ಮನ್ಯಾಗ ಒಂದ ಕೂಗು: "ಕೀಲಿಕೈ ತರ್ರಿ, ಲಗೂನ!" ಕಬ್ಬಿಣ ಕೈಯಾಗ ಹಿಡಿಸಿದ್ರ ಮೂರ್ಛಿ ಇಳೀತೈತಿ ಅಂತ ನಮ್ಮ ಕಡೆ ಎಲ್ಲಾರೂ ನಂಬಿದ್ರು. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಮನಿಗೆಲ್ಲ ಯಜಮಾನತಿ. ಅಕಿ ಸೊಂಟದಾಗಿನ ಕೀಲಿಕೈ ಗೊಂಚಲ ಬಿಚ್ಚಿ ನನ್ನ ಮುಷ್ಟಿಯೊಳಗ ತುರುಕತಿದ್ಲು. ಸ್ವಲ್ಪ ಹೊತ್ತಿಗಿ ಮೂರ್ಛಿ ತಾನ ಇಳೀತಿತ್ತು, ಹೆಸರು ಕೀಲಿಕೈಗಿ ಬರತಿತ್ತು.

ಬೀಳೂದಕ್ಕ ನನಗ ಅಷ್ಟ ಬ್ಯಾಸರ ಇರಲಿಲ್ಲ. ಚಂದಾಗಿ ಎದ್ದು ಓಡ್ಯಾಡೂ ಮುಂದ ಆಗೂದs ಬ್ಯಾಸರ. ನಾ ಜೋರಾಗಿ ಮಾತಾಡಿದ್ರ ಅದು ಬ್ಯಾನಿ. ಅತ್ರ ಬ್ಯಾನಿ. ಖೊಳ್ಳಂತ ನಕ್ಕರೂ ನನ್ನ ಕಣ್ಣ ಕಡೆ ನೋಡವರು. "ಪಲ್ಯಾಕ ಉಪ್ಪ ಬಿದ್ದಿಲ್ಲ" ಅಂತ ಖರೇ ಹೇಳಿದ್ರೂ ನಮ್ಮ ಕಾಕಾ, ಅಪ್ಪನ ತಮ್ಮ, "ಹೋಗ್ಲಿ ಬಿಡ್ರಿ ಪಾಪ, ಅಕೀ ಕೈಯಾಗಿಲ್ಲ ಅದು" ಅಂತಿದ್ದ. ಎಲಾ ಇವನ! ಉಪ್ಪಿಲ್ಲದ ಪಲ್ಯಾಕೂ ನನ್ನ ಮೂರ್ಛಿಗೂ ಎತ್ತಣ ಸಂಬಂಧ? ಮೈ ಉರೀತಿತ್ತು. ಉರದಷ್ಟೂ ಅವರಿಗಿ ಅದ ಸಾಕ್ಷಿ ಆಗತಿತ್ತು.

ನಮ್ಮ ರಾಜರ ಸಂಸ್ಥಾನ ಹೋಗಿ ಐದಾರು ವರ್ಷ ಆಗಿತ್ತು, ನಾ ಹದಿನೈದರ ಹುಡುಗಿ. ಅಪ್ಪ, ಕಾಕಾ ಇಬ್ಬರೂ ಕೂಡಿ ನನ್ನ ಮಿರಜಿನ ದವಾಖಾನಿಗಿ ಕರಕೊಂಡು ಹೋದ್ರು. ಅಲ್ಲಿ ಡಾಕ್ಟರ್ ಮುಂದ ಕಾಕಾ ಮರಾಠಿಯೊಳಗ ಕೇಳೇ ಬಿಟ್ಟ: "ಸಾಹೇಬ್ರ, ಇಕಿಗಿ ಸಿಟ್ಟ ಭಾಳ. ಅದೂ ಬ್ಯಾನಿಯಿಂದ ಏನ್ರಿ?" ಡಾಕ್ಟರ್ ಅವನ್ನ ಬಿಟ್ಟು ನನ್ನ ಕೇಳಿದ್ರು, ಮೂರ್ಛಿ ಬರೂ ಮುಂಚೆ ನಿನಗ ಹೆಂಗ ಆಗತೈತಿ ಅಂತ. ನನ್ನ ಹಂಗ ಯಾರೂ ಕೇಳಿದ್ದಿಲ್ಲ. ಸಿಟ್ಟ ಬರಂಗಿಲ್ರಿ, ಮುಂಜಾನಿಂದ ಎದಿ ಕುಸದಂಗ ಆಗತೈತಿ, ಸುಮ್ಮ ಸುಮ್ಮನ ಕಣ್ಣೀರ ಬರತಾವ, ಯಾರ ಮಾರೀನೂ ನೋಡಬಾರದು ಅನಸ್ತೈತಿ ಅಂದೆ. "ಅದು ಬ್ಯಾನೀದು ಇರಬಹುದು" ಅಂದ್ರು ಅವರು. "ಆದ್ರ ಸಿಟ್ಟ ಬಂದಾಗ, ಯಾಕ ಬಂತು ಅಂತ ಅಕೀನ್ನ ಕೇಳ್ರಿ. ಬ್ಯಾನಿ ಇದ್ದವರಿಗೂ ಸ್ವಭಾವ ಅಂತ ಒಂದ ಇರತೈತಿ."

ಗುಳಿಗಿ ಕೊಟ್ಟು ಕಳಿಸಿದ್ರು. ಊರಿಗಿ ಬಂದ ಕಾಕಾ ಕಟ್ಟಿ ಮ್ಯಾಲ ಕುಂತು ಹೇಳಿದ್ದೇನು? "ಬ್ಯಾನೀದು ಇರಬಹುದು ಅಂತ ಡಾಕ್ಟರs ಅಂದಾನ." ಉಳದದ್ದನ್ನ ದಾರ್ಯಾಗ ಚೆಲ್ಲಿ ಬಂದಿದ್ದ, ಪುಣ್ಯಾತ್ಮ.

ಬ್ಯಾನಿಗೂ ಮನಸಿಗೂ ಸಂಬಂಧ ಇಲ್ಲ ಅಂತ ನಾ ಅನ್ನಂಗಿಲ್ಲ. ಬಿದ್ದು ಎದ್ದ ಮರುದಿನ ಏನೂ ಬ್ಯಾಡ ಅನಸತಿತ್ತು. ಗುಳಿಗಿ ನುಂಗಿದ್ರ ಮಂಪರ ಬ್ಯಾರೆ. ಆದ್ರ ಸಿಟ್ಟು ನಂದು. ಅದನ್ನ ಬ್ಯಾನಿಗಿ ಬಿಟ್ಟುಕೊಡಾಕ ನಾ ತಯಾರಿದ್ದಿಲ್ಲ.

ಅದs ವರ್ಷ ಹಿಂಗಾರಿ ಬಿತ್ತಿಗಿ ಇನ್ನ ಸ್ವಲ್ಪ ದಿನ ಇತ್ತು. ಕಾಕಾನ ಮಗಳನ್ನ ನೋಡಾಕ ಸೋನ್ಯಾಳದಿಂದ ಬೀಗರಾಗವರು ಬರೂದು ಗೊತ್ತಾತು. ಮನ್ಯಾಗ ತಿನ್ನೂ ಜ್ವಾಳ ತೀರಿದ್ವು, ಸಜ್ಜಿ ಅಷ್ಟ ಉಳದಿತ್ತು. ಬೀಗರಿಗಿ ಸಜ್ಜಿ ರೊಟ್ಟಿ ಬಡದ್ರ ಮರ್ಯಾದಿ ಏನ ಉಳೀತು ಅಂತ ಕಾಕಾಗ ಚಿಂತಿ. "ಬೀಜದ ಜ್ವಾಳದ ಹರವಿ ತಗೀರಿ" ಅಂದ. "ಬಿತ್ತೂ ಹೊತ್ತಿಗಿ ಬಾಜೂಕಿನ ಯಳವಿ ಊರಾಗ ಯಾರರೆ ಬೀಜ ಕೊಡತಾರ."

ಆ ಬೀಜ ನಾನೂ ಆಯಿನೂ ಸುಗ್ಗಿಯಾಗ ಸಾಲು ಸಾಲು ತಿರಗಿ ಆರಿಸಿದ ತೆನೀದು. ಬ್ಯಾರೆ ಬಡದು, ಬೂದಿ ಕಲಿಸಿ, ಹರವಿಗಿ ತುಂಬಿ, ಬಾಯಿಗಿ ಸಗಣಿ ಮೆತ್ತಿ ಕ್ವಾಣ್ಯಾಗ ಇಟ್ಟಿದ್ವಿ. ಆಯಿ ಕಾಕಾನ ಮಾರಿ ನೋಡಿ, ಕ್ವಾಣಿ ಕೀಲಿ ತಗದು, ಗೊಂಚಲ ಮತ್ತ ಸೊಂಟಕ್ಕ ಸಿಗಿಸಿ ಬಾಜೂಕ ಸರದ್ಲು. ನಾ ಹೋಗಿ ಬಾಗಿಲಾಗ ಅಡ್ಡ ನಿಂತೆ.

"ಬೀಜ ತಿನಿಸಿ ದೌಲತ್ತ ತೋರಸತಿಯೇನ ಕಾಕಾ? ಮಳಿ ಬಿದ್ದ ದಿನ ಯಳವಿಗಿ ಚೀಲ ಹಿಡಕೊಂಡು ಓಡತಿಯೇನು? ಇದ್ರಾಗಿನ ಒಂದ ಕಾಳು ಮುಟ್ಟಿದ್ರ ನೋಡು!"

ನನ್ನ ಮೈಯೆಲ್ಲ ಥರಥರ ನಡಗತಿತ್ತು. ಕಾಕಾ ಒದರಿದ: "ಬಂತು, ಬಂತು! ಹಿಡೀರಿ ಅಕೀನ್ನ! ಅವ್ವಾ, ಕೀಲಿಕೈ!"

ಆಯಿ ಗಾಬರಿಯಾಗಿ ಗೊಂಚಲ ಬಿಚ್ಚಿ ನನ್ನ ಮುಷ್ಟಿಗಿ ತುರುಕಿದ್ಲು. ಎಲ್ಲಾರೂ ನಾ ಬೀಳೂದನ್ನ ಕಾಯಕೋತ ನಿಂತ್ರು. ನಾ ಬೀಳಲಿಲ್ಲ. ಕೈಯಾಗಿನ ಕೀಲಿಕೈ ನೋಡಿದೆ, ಕ್ವಾಣಿ ಕದ ಎಳಕೊಂಡೆ, ಕೀಲಿ ಹಾಕಿದೆ, ಗೊಂಚಲ ನನ್ನ ಸೊಂಟಕ್ಕ ಸಿಗಿಸಿಕೊಂಡೆ.

"ಇದು ಬ್ಯಾನಿ ಅಲ್ಲ, ಸಿಟ್ಟು" ಅಂದೆ. "ಬ್ಯಾನಿ ಬಂದ್ರ ನಾನ ಹೇಳತೀನಿ."

ಕಾಕಾ "ಅವ್ವಾ, ಕಸಗೋ ಅಕೀ ಕೈಯಾಗಿಂದು" ಅಂದ.

ಆಯಿ ನನ್ನ ಮ್ಯಾಲಿಂದ ಕೆಳಗ ನೋಡಿದ್ಲು. ಸೆರಗು ಬಾಯಿಗಿ ಹಿಡದು ನಗಾಕ ಹತ್ತಿದ್ಲು. "ಯಾಕ ಕಸಗೊಳ್ಳಲೆಪಾ? ಹಿಡಸು ಅಂದಾಂವ ನೀನs. ನನಗ ಹುಟ್ಟಿದಾಗಿಂದ ಒಮ್ಮಿನೂ ಮೂರ್ಛಿ ಬಂದಿಲ್ಲ. ಆದ್ರ ಈ ಸಿಟ್ಟ ಐತೆಲ್ಲಾ, ಇದು ನಂದು. ಇದನ್ನ ಇಕೀಗಿ ನಾನ ಕೊಟ್ಟೀನಿ. ಕೀಲಿಕೈನೂ ಅಕೀ ಹಂತೇಲೆ ಇರ್ಲಿ."

ಅವತ್ತ ಹಿಗ್ಗಿದಷ್ಟು ನಾ ಮುಂದ ಎಂದೂ ಹಿಗ್ಗಲಿಲ್ಲ. ಬಂದವರು ಬೆಣ್ಣಿ ಹಚಗೊಂಡು ಸಜ್ಜಿ ರೊಟ್ಟಿ ಉಂಡು, ಲಗ್ನದ ಮಾತ ಮುಗಿಸಿ ಹೋದ್ರು. ಮಳಿ ಬಿದ್ದಾಗ ನಮ್ಮ ಹೊಲಕ್ಕ ನಮ್ಮದ ಬೀಜ ಬಿತ್ತು.

ಮೂರ್ಛಿ ಆಮ್ಯಾಲೂ ಬಂತು, ಕಮ್ಮಿ ಆದ್ರೂ ಬಂತು. ಕೀಲಿಕೈ ತರ್ರಿ ಅಂತ ಕೂಗೂ ಕೆಲಸ ಉಳೀಲಿಲ್ಲ, ನನ್ನ ಸೊಂಟದಾಗs ಇದ್ವು. ಕ್ವಾಣ್ಯಾಗಿಂದು ಏನರೆ ಬೇಕಾದ್ರ ಕಾಕಾ ಬಾಗಿಲಾಗ ನಿಂತು ನನ್ನ ಮಾರಿ ನೋಡಿ ಕೇಳತಿದ್ದ: "ಇವತ್ತ ಬ್ಯಾನಿಯೋ ಸಿಟ್ಟೋ, ತಂಗೀ?" ಬ್ಯಾನಿ ಅಂದ್ರ ಚಾದರ ತಂದು ಹಾಸತಿದ್ದ. ಸಿಟ್ಟು ಅಂದ್ರ, ಯಾಕ ಅಂತ ಕೇಳತಿದ್ದ.